ಹಳೆಯ ರೇಷ್ಮೆ ಚಿತ್ರಗಳು: ಗುರುತಿಸುವುದು, ಬಿಚ್ಚುವುದು, ಮತ್ತೆ ಕಟ್ಟು ಹಾಕುವುದು – ಕರಾವಳಿ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಹಳೆ ಮನೆಗಳ ಚಾವಡಿಯಲ್ಲಿ ಹಿರಿಯರ ಫೋಟೋಗಳ ಸಾಲನ್ನು ಒಮ್ಮೆ ಗಮನವಿಟ್ಟು ನೋಡಿ. ನಡುವೆ ಎಲ್ಲೋ ಒಂದು ರೇಷ್ಮೆ ಚಿತ್ರ ಇರಬಹುದು. ರೇಷ್ಮೆ ನೂಲಿನಲ್ಲಿ ಹೊಲಿದ ಜೋಡಿ ಗಿಳಿ, ಕೊಳಲು ಹಿಡಿದ ಕೃಷ್ಣ, ಸೀರೆಯ ಜಾಗದಲ್ಲಿ ನಿಜವಾದ ರೇಷ್ಮೆ ಬಟ್ಟೆ ಉಟ್ಟು ನಿಂತ ಲಕ್ಷ್ಮಿ. ಗಾಜು ಮಸುಕಾಗಿರುತ್ತದೆ. ಕಟ್ಟಿನ ಮೂಲೆಯಲ್ಲಿ ಒರಲೆಯ ಮಣ್ಣು ಕಾಣುತ್ತದೆ.

ಇಂಥ ಚಿತ್ರಗಳು ಹಾಳಾಗುವುದು ಬರೀ ಅಸಡ್ಡೆಯಿಂದ ಅಲ್ಲ. ಮನೆ ರಿಪೇರಿ ಮಾಡುವಾಗ ಯಾರೋ ಪ್ರೀತಿಯಿಂದಲೇ ಅದನ್ನು ಕೆಳಗಿಳಿಸುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಬಿಸಿಲಿಗಿಡುತ್ತಾರೆ, ಬಿಟ್ಟುಹೋದ ಎಳೆಯನ್ನು ಫೆವಿಕಾಲ್ ಹಾಕಿ ಅಂಟಿಸುತ್ತಾರೆ. ನೂರು ವರ್ಷ ಉಳಿದದ್ದು ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಈ ಬರಹದುದ್ದಕ್ಕೂ ನಾನು ಒಂದೇ ಮಾತಿಗೆ ಮರಳಿ ಬರುತ್ತೇನೆ. ರೇಷ್ಮೆಯನ್ನು ಹೊಸದು ಮಾಡಲು ಹೋಗಬೇಡಿ. ಅದರ ಹಿಂದಿರುವ ರಟ್ಟು, ಮುಂದಿರುವ ಗಾಜು, ಅದು ತೂಗುವ ಗೋಡೆ, ಇವನ್ನು ಸರಿಮಾಡಿ. ಮನೆಯಲ್ಲಿ ನಾವು ಮಾಡಬಹುದಾದ ಕೆಲಸ ಅಷ್ಟೇ. ಅಷ್ಟು ಮಾಡಿದರೂ ಚಿತ್ರದ ಆಯಸ್ಸು ತುಂಬಾ ಹೆಚ್ಚುತ್ತದೆ.

ಮೊದಲು, ನಿಮ್ಮ ಕೈಯಲ್ಲಿರುವುದು ಏನು?

ರೇಷ್ಮೆ ಚಿತ್ರ ಅಂದರೆ ಒಂದೇ ಬಗೆ ಅಲ್ಲ. ಪ್ರತಿಯೊಂದರ ಆರೈಕೆ ಬೇರೆ. ಹಾಗಾಗಿ ಈ ಹಂತವನ್ನು ಹಾರಿಸಬೇಡಿ.

ನಮ್ಮ ಕಡೆ ಮೊದಲು ನೆನಪಾಗುವುದು ಕೈಯಿಂದ ಹೊಲಿದ ಕಸೂತಿ ಚಿತ್ರ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹದ ಜೊತೆ ಹೊಲಿಗೆಯ ಪಾಠವೂ ಇತ್ತು. ಕಾಸರಗೋಡು 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡಕ್ಕೇ ಸೇರಿತ್ತು. ಮಂಗಳೂರಿನಲ್ಲಿ ಕಲಿತು ಇಲ್ಲಿಗೆ ಮದುವೆಯಾಗಿ ಬಂದವರ ಪೆಟ್ಟಿಗೆಯಲ್ಲಿ ಕಸೂತಿಯೂ ಬರುವುದು ಸಹಜವೇ. ಇಂಥ ಚಿತ್ರದ ಹಿಂಬದಿಯಲ್ಲಿ ಗಂಟುಗಳು ಕಾಣುತ್ತವೆ. ಒಂದು ಬಣ್ಣದಿಂದ ಇನ್ನೊಂದು ಜಾಗಕ್ಕೆ ಅಡ್ಡ ಹಾದ ನೂಲುಗಳೂ ಕಾಣುತ್ತವೆ.

ಎರಡನೆಯದು ಬಟ್ಟೆ ಉಡಿಸಿದ ಅಚ್ಚುಚಿತ್ರ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಶುರು ಮಾಡಿದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು ಸಾಮಾನ್ಯರ ಮನೆಗೂ ಬಂದವು. ಆ ಪಟಗಳಿಗೆ ರೇಷ್ಮೆ ತುಂಡು, ಜರಿ, ಚಮ್ಕಿ, ಮಣಿ ಹಚ್ಚಿ ಸೀರೆ ಉಡಿಸುವ ರೂಢಿ ಬೆಳೆಯಿತು. ಅಚ್ಚಿನ ಮುಖ, ಕೈಕಾಲು ಹಾಗೇ ಉಳಿಯುತ್ತಿತ್ತು. ಸೀರೆ, ಸೆರಗು, ಒಡವೆ ಮಾತ್ರ ನಿಜವಾದದ್ದು. ಇದನ್ನು ಅಗ್ಗದ ಅಲಂಕಾರ ಅಂತ ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಚ್ಚಾದ ಪಟ ಎಲ್ಲರ ಮನೆಯಲ್ಲೂ ಒಂದೇ. ಉಡಿಸಿದ ಸೀರೆ ಆಯಾ ಮನೆಯದ್ದೇ. ಯಾವ ಸೀರೆಯ ತುಂಡು ಬಳಸಿದರು, ಸೆರಗಿನ ನೆರಿಗೆ ಹೇಗೆ ಹಿಡಿದರು ಅನ್ನುವುದರಲ್ಲಿ ಆ ಹೆಂಗಸಿನ ಕಣ್ಣು ಎಂಥದ್ದು ಅಂತ ತಿಳಿಯುತ್ತದೆ.

ಮೂರನೆಯದು ಮಗ್ಗದಲ್ಲೇ ನೇಯ್ದ ಚಿತ್ರ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ತೂತು ಕೊರೆದ ರಟ್ಟಿನ ಕಾರ್ಡುಗಳಿಂದ ನಡೆಯುವ ಮಗ್ಗ ಮಾಡಿದ. ಯಾವ ಹಾಸು ನೂಲು, ಅಂದರೆ ಉದ್ದಕ್ಕೆ ಹಾಸಿದ ನೂಲು, ಮೇಲೇಳಬೇಕು, ಯಾವುದು ಕೆಳಗೆ ಉಳಿಯಬೇಕು ಅಂತ ಆ ತೂತುಗಳೇ ತೀರ್ಮಾನಿಸುತ್ತವೆ. 1839ರಲ್ಲಿ ಲಿಯಾನಿನಲ್ಲಿ ಜಕಾರ್ಡನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಸುಮಾರು 24,000 ಕಾರ್ಡು ಬೇಕಾದವು. ನೋಡಿದವರು ಅದನ್ನು ಅಚ್ಚು ಹಾಕಿದ ಚಿತ್ರ ಅಂದುಕೊಳ್ಳುತ್ತಿದ್ದರು. ಇಂಗ್ಲೆಂಡಿನ ಕಾವೆಂಟ್ರಿಯದು ಇನ್ನೊಂದು ಕತೆ. 1860ರ ವ್ಯಾಪಾರ ಒಪ್ಪಂದದಿಂದ ಫ್ರೆಂಚ್ ರೇಷ್ಮೆ ಸುಂಕವಿಲ್ಲದೆ ಒಳಗೆ ಬಂತು. ಅಲ್ಲಿನ ರಿಬ್ಬನ್ ನೇಕಾರರು ಬೀದಿಗೆ ಬಿದ್ದರು. ಆಗ ಥಾಮಸ್ ಸ್ಟೀವನ್ಸ್ ಎಂಬಾತ ಅದೇ ರಿಬ್ಬನ್ ಮಗ್ಗದಲ್ಲಿ ಪುಸ್ತಕದ ಗುರುತುಪಟ್ಟಿಗಳನ್ನು ನೇಯ್ದು ಮಾರಿದ. 1879ರಿಂದ ರಟ್ಟಿಗೆ ಹಚ್ಚಿದ ಪುಟ್ಟ ಚಿತ್ರಗಳನ್ನೂ ತಂದ. ಇವಕ್ಕೆ ಸ್ಟೀವನ್‌ಗ್ರಾಫ್ ಅಂತ ಹೆಸರು. ಅಂಥದ್ದು ಸಿಕ್ಕಿದರೆ ರಟ್ಟಿನ ಹಿಂದಿನ ಚೀಟಿಯನ್ನು ಯಾವ ಕಾರಣಕ್ಕೂ ಕೀಳಬೇಡಿ. ಸಂಗ್ರಾಹಕರು ಮೊದಲು ನೋಡುವುದೇ ಆ ರಟ್ಟನ್ನು.

ಇನ್ನು ರೇಷ್ಮೆ ಮೇಲೆ ಬಣ್ಣ ಹಚ್ಚಿದ್ದು ಮತ್ತು ಅಚ್ಚು ಹಾಕಿದ್ದು ಉಂಟು. ಬಣ್ಣ ಮೇಲ್ಮೈಯಲ್ಲಿ ಮಾತ್ರ ಕೂತಿರುತ್ತದೆ.

ಗುರುತಿಸಲು ಅಕ್ಕಸಾಲಿಗರು ಬಳಸುವ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಒಂದಿದ್ದರೆ ಸಾಕು. ಗಾಜಿನ ಮೇಲಿಂದಲೇ ನೋಡಿ. ಸಾಲಾಗಿ ಸಣ್ಣ ಚುಕ್ಕೆಗಳು ಕಂಡರೆ ಅದು ಅಚ್ಚು. ಹಾಸು ಹೊಕ್ಕಿನ ಮೆಟ್ಟಿಲುಗಳಲ್ಲೇ ಗೆರೆ ಮೂಡಿದ್ದರೆ ನೇಯ್ಗೆ. ಎಳೆ ಬಟ್ಟೆಯ ಮೇಲೆ ಎದ್ದು ಕೂತು, ತುದಿಯಲ್ಲಿ ಸೂಜಿ ತೂತಿನೊಳಗೆ ಇಳಿದಿದ್ದರೆ ಕಸೂತಿ.

ಟಾರ್ಚ್ ಹಿಡಿದು ಚಿತ್ರವನ್ನು ಓದುವುದು

ಇದಕ್ಕೆ ಅರ್ಧ ಗಂಟೆ ಕೊಡಿ. ಯಾಕೆಂದರೆ ಏನನ್ನು ಕಾಪಾಡುತ್ತಿದ್ದೇವೆ ಅಂತ ಗೊತ್ತಿಲ್ಲದೆ ಕಾಪಾಡುವುದು ಕಷ್ಟ.

ಕೋಣೆಯ ಕಿಟಕಿ ಮುಚ್ಚಿ. ಸಣ್ಣ ಟಾರ್ಚನ್ನು ಚಿತ್ರದ ಪಕ್ಕದಿಂದ, ಬಹುತೇಕ ಮೇಲ್ಮೈಗೆ ಸಮಾನವಾಗಿ ಹಿಡಿಯಿರಿ. ನಿಧಾನವಾಗಿ ಸುತ್ತ ತಿರುಗಿಸಿ. ಒಂದೇ ಹಸಿರು ನೂಲಿನ ಗಿಳಿಯ ಕತ್ತು ಒಂದು ಕಡೆಯಿಂದ ತಿಳಿಯಾಗಿ, ಇನ್ನೊಂದು ಕಡೆಯಿಂದ ಗಾಢವಾಗಿ ಕಾಣುತ್ತದೆ. ರೇಷ್ಮೆ ಎಳೆಯನ್ನು ಅಡ್ಡ ಕೊಯ್ದು ನೋಡಿದರೆ ಅದು ಹೆಚ್ಚುಕಮ್ಮಿ ತ್ರಿಕೋನದ ಆಕಾರ. ಬೆಳಕನ್ನು ಅದು ಒಂದೊಂದು ದಿಕ್ಕಿಗೆ ಒಂದೊಂದು ಥರ ಹಿಂದಕ್ಕೆ ಎಸೆಯುತ್ತದೆ. ಹೊಸೆಯದ ನೂಲಾದರೆ ಈ ಹೊಳಪು ಇನ್ನೂ ಜಾಸ್ತಿ. ಕಸೂತಿ ಬಲ್ಲವಳು ನೂಲಿನ ಬಣ್ಣ ಬದಲಿಸದೆ ಬರೀ ಹೊಲಿಗೆಯ ದಿಕ್ಕು ತಿರುಗಿಸಿ ಕತ್ತಿಗೆ ದುಂಡುತನ ಕೊಟ್ಟಿದ್ದಾಳೆ. ಇದು ಬಣ್ಣದ ಚಿತ್ರಕ್ಕೆ ಸಾಧ್ಯವಿಲ್ಲದ ವಿದ್ಯೆ. ರೇಷ್ಮೆ ಚಿತ್ರದ ಕಲೆ ನಿಂತಿರುವುದೇ ಈ ದಿಕ್ಕಿನ ಮೇಲೆ ಅಂತ ನನಗೆ ಅನಿಸುತ್ತದೆ. ಇಸ್ತ್ರಿ ಪೆಟ್ಟಿಗೆ ಮುಟ್ಟಿಸಿದರೆ, ಗಾಜು ಒತ್ತಿದರೆ ಮೊದಲು ಸಾಯುವುದೂ ಇದೇ.

ಮುಖಗಳನ್ನು ನೋಡಿ. ಇಂಗ್ಲೆಂಡಿನಲ್ಲಿ 18ನೇ ಶತಮಾನದ ಕೊನೆಗೆ ಮಾಡುತ್ತಿದ್ದ ರೇಷ್ಮೆ ಚಿತ್ರಗಳಲ್ಲಿ ಬಟ್ಟೆ, ಮರ, ಹುಲ್ಲು ಮಾತ್ರ ನೂಲಿನದ್ದು. ಮುಖ, ಕೈ, ಆಕಾಶ ಎಲ್ಲ ನೀರು ಬಣ್ಣದಲ್ಲಿ ಬರೆದದ್ದು. ಅದೇ ರೂಢಿ ಶಾಲೆಗಳ ಮೂಲಕ ಎಲ್ಲೆಲ್ಲಿಗೋ ಹೋಯಿತು. ಚೀನಾದ ಸುಝೌ ಊರಿನ ಕಸೂತಿಯಲ್ಲಾದರೆ ಒಂದು ನೂಲನ್ನೇ ಹಲವು ಎಳೆಗಳಾಗಿ ಸೀಳಿ ಮುಖವನ್ನೂ ಹೊಲಿಯುತ್ತಾರೆ. ನಿಮ್ಮ ಚಿತ್ರದ ಮುಖ ಬರೆದದ್ದೋ ಹೊಲಿದದ್ದೋ ಅಂತ ಈಗಲೇ ಗೊತ್ತುಮಾಡಿಕೊಳ್ಳಿ. ಬರೆದದ್ದಾದರೆ ಒಂದು ಹನಿ ನೀರೂ ಅದಕ್ಕೆ ಶತ್ರು.

ವಯಸ್ಸು ಅಂದಾಜು ಮಾಡುವುದು

ಬಣ್ಣ ಒಂದು ಸುಳಿವು. ಮೊದಲ ಕೃತಕ ಬಣ್ಣ, ನೇರಳೆ, ಸಿಕ್ಕಿದ್ದು 1856ರಲ್ಲಿ. ಸ್ವಲ್ಪದರಲ್ಲೇ ಕಡು ಗುಲಾಬಿ ಬಂತು. ಕಣ್ಣು ಕುಕ್ಕುವ ನೇರಳೆ ಅಥವಾ ಗುಲಾಬಿ ನೂಲು ಮೂಲದಲ್ಲೇ ಇದ್ದರೆ ಚಿತ್ರ ಅದಕ್ಕಿಂತ ಹಳತಾಗಿರುವ ಸಾಧ್ಯತೆ ಕಡಿಮೆ.

ನೋಟು ಪರೀಕ್ಷಿಸುವ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಇನ್ನೊಂದು ಒಳ್ಳೆಯ ಸಾಧನ. ಕತ್ತಲಲ್ಲಿ ಹಿಡಿದಾಗ ಬಿಳಿ ನೂಲು ಅಥವಾ ಬಟ್ಟೆ ಪಳಪಳ ನೀಲಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ. ಅದು ಎರಡನೇ ಮಹಾಯುದ್ಧದ ಆಸುಪಾಸಿನಿಂದ ಬಳಕೆಗೆ ಬಂದದ್ದು. ಅಂದರೆ ಚಿತ್ರ ಹೊಸದು, ಅಥವಾ ಆ ಭಾಗ ಆಮೇಲೆ ರಿಪೇರಿಯಾದದ್ದು, ಇಲ್ಲವೇ ಯಾರೋ ಡಿಟರ್ಜೆಂಟ್ ಹಾಕಿ ತೊಳೆದಿದ್ದಾರೆ. ಕ್ಷಣಕಾಲ ನೋಡಿ, ಆರಿಸಿ. ಈ ಬೆಳಕು ರೇಷ್ಮೆಗೆ ಒಳ್ಳೆಯದಲ್ಲ.

ಕೊಳ್ಳುವವರಿಗೆ ಒಂದು ಮಾತು. ಹೊಸ ಚಿತ್ರವನ್ನು ಚಹಾ ನೀರಲ್ಲಿ ಅದ್ದಿ ಹಳತು ಮಾಡುವುದುಂಟು. ನಿಜವಾಗಿ ಹಳತಾದ ಚಿತ್ರದಲ್ಲಿ ಬೆಳಕು ಬಿದ್ದ ಕಡೆ ಬಣ್ಣ ಮಾಸಿರುತ್ತದೆ, ಕಟ್ಟಿನ ಅಂಚಿನಡಿ ಅಡಗಿದ ಪಟ್ಟಿಯಲ್ಲಿ ಮೂಲ ಬಣ್ಣ ಉಳಿದಿರುತ್ತದೆ. ಅಂಚಿನಡಿಯೂ ನಡುವೆಯೂ ಒಂದೇ ಸಮ ಕಂದು ಇದ್ದರೆ ಕೊಳ್ಳುವ ಮೊದಲು ಎರಡು ಸಲ ಯೋಚಿಸಿ.

ರೇಷ್ಮೆಯೋ ಅಲ್ಲವೋ ಅಂತ ಸುಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಅದನ್ನು ಕಟ್ಟಿನ ತಳದಲ್ಲಿ ತಾನಾಗಿ ಉದುರಿಬಿದ್ದ ಎಳೆಗೆ ಮಾತ್ರ ಮಾಡಿ. ಚಿಮಟದಲ್ಲಿ ಹಿಡಿದು, ಚಿತ್ರದಿಂದ ದೂರ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಕಪ್ಪು ಕರಕು ಉಳಿದರೆ ರೇಷ್ಮೆ. ಕಾಗದದಂತೆ ಉರಿದು ಬೂದಿಯಾದರೆ ರೇಯಾನ್ ಅಥವಾ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಸುಟ್ಟ ಮೇಲೂ ಎಳೆಯ ಆಕಾರ ಹಾಗೇ ಬೂದಿಯಾಗಿ ನಿಂತರೆ ಜಾಗ್ರತೆ. ಅದು ಲೋಹದ ಲವಣ ತುಂಬಿ ತೂಕ ಏರಿಸಿದ ರೇಷ್ಮೆ.

ರೇಷ್ಮೆ ಯಾಕೆ ಪುಡಿಯಾಗುತ್ತದೆ

ರೇಷ್ಮೆ ಹುಳ ಎಳೆಯ ಮೇಲೆ ಅಂಟಿನ ಪದರ ಹಾಕಿರುತ್ತದೆ. ಅದನ್ನು ಬೇಯಿಸಿ ತೆಗೆದಾಗ ತೂಕ ಸುಮಾರು ಕಾಲು ಭಾಗ ಇಳಿಯುತ್ತದೆ. ರೇಷ್ಮೆ ಮಾರುತ್ತಿದ್ದದ್ದು ತೂಕಕ್ಕೆ. ಹಾಗಾಗಿ 19ನೇ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಕಾರ್ಖಾನೆಗಳು ರೇಷ್ಮೆಯನ್ನು ತವರದ ಲವಣಗಳಲ್ಲಿ ಅದ್ದಿ ತೂಕ ತುಂಬಿಸಿದವು. ಬಟ್ಟೆ ದಪ್ಪಗೆ, ಸರಬರ ಸದ್ದು ಮಾಡುತ್ತ ಚೆನ್ನಾಗಿಯೇ ಕಾಣುತ್ತಿತ್ತು. ಕೆಲವು ದಶಕ ಕಳೆದ ಮೇಲೆ ಅದು ಉದ್ದುದ್ದಕ್ಕೆ ಸೀಳುತ್ತದೆ. ಇದಕ್ಕೆ ಮದ್ದಿಲ್ಲ. ನಿಧಾನಿಸಬಹುದು, ನಿಲ್ಲಿಸಲಾಗದು.

ಇನ್ನೊಂದು ದುರ್ಬಲ ಜಾಗ ಕಪ್ಪು ಮತ್ತು ಕಡು ಕಂದು ನೂಲು. ಅದಕ್ಕೆ ಬಣ್ಣ ಹಿಡಿಸಲು ಕಬ್ಬಿಣದ ಲವಣ ಬಳಸುತ್ತಿದ್ದರು. ಆ ಕಬ್ಬಿಣವೇ ಎಳೆಯನ್ನು ಒಳಗಿಂದ ತಿನ್ನುತ್ತದೆ. ಅದಕ್ಕೇ ಹಳೆ ಚಿತ್ರಗಳಲ್ಲಿ ಹುಬ್ಬು, ಕೂದಲು, ಹೊರಗೆರೆ ಮೊದಲು ಮಾಯವಾಗುತ್ತವೆ, ಸೂಜಿ ತೂತುಗಳ ಸಾಲು ಮಾತ್ರ ಉಳಿಯುತ್ತದೆ. ಆ ತೂತುಗಳನ್ನು ಹೊಸ ನೂಲಿನಿಂದ ತುಂಬಬೇಡಿ. ಅಲ್ಲಿ ಯಾವ ಗೆರೆ ಇತ್ತು ಅಂತ ಹೇಳುವ ಸಾಕ್ಷಿ ಅದೊಂದೇ.

ಯಾವಾಗ ಬಿಚ್ಚಬೇಕು

ಮಳೆಗಾಲದಲ್ಲಿ ಬೇಡವೇ ಬೇಡ. ಆಟಿ ತಿಂಗಳಲ್ಲಿ ನಮ್ಮ ಕಡೆ ಉಪ್ಪು ನೀರಾಗುತ್ತದೆ, ಬೆಂಕಿಪೆಟ್ಟಿಗೆ ಹತ್ತುವುದಿಲ್ಲ. ರೇಷ್ಮೆ, ಕಾಗದ, ಅಂಟು ಎಲ್ಲ ಪಸೆ ಹೀರಿ ಉಬ್ಬಿರುತ್ತವೆ. ಆಗ ಕಟ್ಟು ಬಿಚ್ಚಿ ಮತ್ತೆ ಮುಚ್ಚಿದರೆ ಆ ಪಸೆಯನ್ನೇ ಒಳಗೆ ಕೂಡಿಹಾಕಿದಂತೆ. ಡಿಸೆಂಬರಿನಿಂದ ಫೆಬ್ರವರಿ ತನಕದ ಒಣ ದಿನಗಳು ಒಳ್ಳೆಯವು. ಬೆಳಗ್ಗಿನ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ನಂತರ ಶುರು ಮಾಡಿ. ಫ್ಯಾನ್ ಆರಿಸಿ.

ಬಿಚ್ಚಲೇಬೇಕಾ ಅನ್ನುವುದೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಹಿಂಬದಿ ಗಟ್ಟಿಯಾಗಿದ್ದು, ಬೂಸ್ಟು ಇಲ್ಲದೆ, ರೇಷ್ಮೆ ಗಾಜಿಗೆ ತಾಗದೆ ಇದ್ದರೆ ಸುಮ್ನೆ ಬಿಡಿ. ಗೋಡೆ ಬದಲಿಸಿದರೆ ಸಾಕು. ರೇಷ್ಮೆ ಗಾಜಿಗೆ ಅಂಟಿದ್ದರೆ, ಬಣ್ಣ ಚಕ್ಕೆ ಏಳುತ್ತಿದ್ದರೆ, ಸೀಳು ಕಂಡರೆ ನೀವು ಮುಟ್ಟಬೇಡಿ. ಬೆಂಗಳೂರಿನಲ್ಲಿ, ಕಲೆ ಮತ್ತು ಪರಂಪರೆಯನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ. ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಶಾಖೆ ಮೈಸೂರಿನಲ್ಲಿದೆ. ಇಂಥ ಕಡೆಯ ಪರಿಣತರನ್ನು ಕೇಳಿ. ಒಯ್ಯುವಾಗ ಮುಖ ಮೇಲಾಗಿ, ಮಟ್ಟವಾಗಿ ಹಿಡಿದುಕೊಂಡು ಹೋಗಿ. ಸುರುಳಿ ಸುತ್ತಬೇಡಿ.

ಬಿಚ್ಚುವ ಕ್ರಮ

ಮೊದಲು ಫೋಟೋ. ಮುಂಬದಿ, ಹಿಂಬದಿ, ನಾಲ್ಕು ಮೂಲೆ, ಹಿಂದಿನ ಚೀಟಿ, ಪೆನ್ಸಿಲ್ ಬರಹ ಎಲ್ಲದರದ್ದೂ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಅಳತೆಯೂ ಬರಲಿ. ಆಮೇಲೆ ಏನು ಎಲ್ಲಿತ್ತು ಅಂತ ಜಗಳ ಬಂದರೆ ಇದೇ ದಾಖಲೆ.

ಮಾಸ್ಕ್ ಮತ್ತು ನೈಟ್ರೈಲ್ ಗ್ಲೌಸ್ ಹಾಕಿ. ಇದು ಚಿತ್ರಕ್ಕಾಗಿ ಮಾತ್ರ ಅಲ್ಲ, ನಿಮಗಾಗಿ. ಹಿಂದೆ ಒರಲೆ, ಜಿರಳೆಗೆ ಅಂತ ಡಿಡಿಟಿ, ಗಮಾಕ್ಸಿನ್ ಪುಡಿಯನ್ನು ಪಟಗಳ ಹಿಂದೆಯೂ ಎರಚುತ್ತಿದ್ದರು. ಬೂದು ಬಣ್ಣದ ಪುಡಿ ಕಂಡರೆ ಮೂಸಿ ನೋಡಬೇಡಿ, ಊದಬೇಡಿ. ಎಂಡೋಸಲ್ಫಾನ್ ಕಂಡ ಜಿಲ್ಲೆ ನಮ್ಮದು. ವಿಷವನ್ನು ಹಗುರವಾಗಿ ತಗೊಳ್ಳಬಾರದು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಯ ಗ್ಲೌಸ್ ಬೇಡ, ಬಿಟ್ಟ ಎಳೆಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಬಳೆ, ಉಂಗುರ, ವಾಚ್ ತೆಗೆದಿಡಿ.

ಮೇಜಿನ ಮೇಲೆ ಗಂಜಿ ಹಾಕದ, ಒಗೆದ ಬಿಳಿ ಪಂಚೆ ಹಾಸಿ. ಗಾಜು ಬಿರುಕು ಬಿಟ್ಟಿದ್ದರೆ ಮೇಲಿಂದ ಮಾಸ್ಕಿಂಗ್ ಟೇಪ್ ಅಡ್ಡಡ್ಡ ಹಚ್ಚಿ. ಕಟ್ಟನ್ನು ಬೋರಲು ಮಲಗಿಸಿ. ಹಿಂದಿನ ಮೊಳೆಗಳನ್ನು ಇಕ್ಕಳದಲ್ಲಿ ಹಿಡಿದು, ಹೊಕ್ಕ ದಿಕ್ಕಿನಲ್ಲೇ ನೇರ ಎಳೆಯಿರಿ. ಸುತ್ತಿಗೆಯಿಂದ ತಟ್ಟಬಾರದು. ಒಂದೊಂದು ತಟ್ಟಿಗೂ ಪುಡಿಯಾದ ಎಳೆ ಉದುರುತ್ತದೆ.

ಮೊಳೆ ಬಂದ ಮೇಲೆ ಹಿಂದಿನ ಹಲಗೆ ತೆಗೆಯಿರಿ. ಇನ್ನು ಗಾಜು ಮತ್ತು ಚಿತ್ರವನ್ನು ಬೇರೆ ಮಾಡುವ ಗಳಿಗೆ. ಚಿತ್ರದ ಬೆನ್ನಿಗೆ ಗಟ್ಟಿ ರಟ್ಟು ಇಟ್ಟು, ಗಾಜು, ಚಿತ್ರ, ರಟ್ಟು ಮೂರನ್ನೂ ಒಟ್ಟಿಗೆ ಹಿಡಿದು ತಿರುಗಿಸಿ. ಈಗ ಗಾಜು ಮೇಲೆ. ಅದನ್ನು ಪಕ್ಕಕ್ಕೆ ಜಾರಿಸದೆ ನೇರ ಮೇಲಕ್ಕೆ ಎತ್ತಿ. ಎಲ್ಲಾದರೂ ರೇಷ್ಮೆ ಗಾಜಿನ ಜೊತೆ ಎದ್ದು ಬಂದರೆ ಅಲ್ಲೇ ನಿಲ್ಲಿಸಿ. ಗಾಜನ್ನು ಮತ್ತೆ ಇಳಿಸಿ, ಹಾಗೇ ಕಟ್ಟಿ ಪರಿಣತರ ಹತ್ತಿರ ಒಯ್ಯಿರಿ.

ತಳದಲ್ಲಿ ಬಿದ್ದ ಎಳೆ, ಚಮ್ಕಿ, ಮಣಿ ಎಲ್ಲವನ್ನೂ ಕಾಗದದ ಪೊಟ್ಟಣದಲ್ಲಿ ಹಾಕಿ, ಯಾವ ಮೂಲೆಯಲ್ಲಿ ಸಿಕ್ಕಿತು ಅಂತ ಬರೆದಿಡಿ.

ಧೂಳು ತೆಗೆಯುವುದು, ಅಷ್ಟೇ

ತೊಳೆಯುವುದಿಲ್ಲ. ಅಂಟುವಾಳ ಕಾಯಿ ಮೃದು ಅಂತ ಹೇಳುವವರಿದ್ದಾರೆ. ಸೀರೆಗೆ ಸರಿ, ಚಿತ್ರಕ್ಕೆ ಅಲ್ಲ. ನೀರು ತಾಗಿದರೆ ಹಳೆಯ ಕೆಂಪು, ನೇರಳೆ ಬಣ್ಣ ಹರಿಯುತ್ತದೆ. ಬರೆದ ಮುಖ ಕರಗುತ್ತದೆ. ಬಟ್ಟೆ ಉಡಿಸಿದ ಪಟದಲ್ಲಿ ಗಂಜಿಯ ಅಂಟು ಬಿಟ್ಟು ಸೀರೆ ಕಳಚುತ್ತದೆ. 1930ರ ದಶಕದ ಹೊತ್ತಿಗೆ ಜೆಲಟಿನ್‌ನಿಂದ ಮಾಡಿದ ಚಮ್ಕಿಗಳೂ ಇದ್ದವು. ಅವು ನೀರಲ್ಲಿ ಕರಗಿಯೇ ಹೋಗುತ್ತವೆ.

ಜರಿ ಕಪ್ಪಾಗಿದ್ದರೆ ಹಾಗೇ ಇರಲಿ. ಒಳ್ಳೆಯ ಜರಿ ಅಂದರೆ ರೇಷ್ಮೆ ಎಳೆಗೆ ಸುತ್ತಿದ, ಚಿನ್ನದ ನೀರು ಕೊಟ್ಟ ಬೆಳ್ಳಿ ತಂತಿ. ಚಿನ್ನ ಕೂದಲೆಳೆಗಿಂತಲೂ ತೆಳು. ಹುಣಸೆಹುಳಿ, ವಿಭೂತಿ, ಬೆಳ್ಳಿ ಪಾಲಿಶ್ ಯಾವುದರಿಂದ ಉಜ್ಜಿದರೂ ಮೊದಲು ಹೋಗುವುದು ಆ ಚಿನ್ನವೇ.

ಧೂಳಿಗೆ ಮೆತ್ತನೆಯ ಚಪ್ಪಟೆ ಬ್ರಶ್ ಮತ್ತು ವ್ಯಾಕ್ಯೂಮ್ ಕ್ಲೀನರ್ ಸಾಕು. ಸೊಳ್ಳೆಪರದೆಯ ನೈಲಾನ್ ಬಲೆಯ ತುಂಡೊಂದಕ್ಕೆ ಅಂಚು ಕಟ್ಟಿ. ಅದನ್ನು ಚಿತ್ರಕ್ಕೆ ತಾಗದಂತೆ ಸ್ವಲ್ಪ ಮೇಲೆ ಹಿಡಿಯಿರಿ. ಮೆಷಿನನ್ನು ಅತಿ ಕಡಿಮೆ ಎಳೆತಕ್ಕೆ ಇಟ್ಟು, ಬಲೆಯ ಮೇಲಿಂದ ಓಡಿಸಿ. ಬ್ರಶ್ ಹೊಲಿಗೆಯ ದಿಕ್ಕಿನಲ್ಲೇ ಹೋಗಬೇಕು. ಎಳೆ ಬಿಟ್ಟ ಕಡೆ ಎರಡೂ ಬೇಡ.

ಬೂಸ್ಟು ಇದ್ದರೆ ಒದ್ದೆ ಬಟ್ಟೆ ತಾಗಿಸಬೇಡಿ, ಅದು ಎಳೆಯೊಳಗೆ ಇಳಿಯುತ್ತದೆ. ಒಣ ಗಾಳಿಯಾಡುವ ನೆರಳಲ್ಲಿ ಕೆಲವು ದಿನ ಇಡಿ. ಬೂಸ್ಟು ಒಣಗಿ ಪುಡಿಯಾದ ಮೇಲೆ ಮನೆ ಹೊರಗೆ, ಎನ್95 ಮಾಸ್ಕ್ ಹಾಕಿ, ಮೆತ್ತಗೆ ತೆಗೆಯಿರಿ. ಕಲೆ ಉಳಿಯುತ್ತದೆ. ಉಳಿಯಲಿ.

ಹುಳ ಜೀವಂತ ಇದೆ ಅನಿಸಿದರೆ, ಅಂದರೆ ದಿನವೂ ಹೊಸ ಪುಡಿ ಬೀಳುತ್ತಿದ್ದರೆ, ಬರೀ ಹೊಲಿದ ಕಸೂತಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊಗದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರಗೆ ತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ. ಇಲ್ಲದಿದ್ದರೆ ನೀರು ಬೆವರುತ್ತದೆ. ಬಣ್ಣ ಹಚ್ಚಿದ್ದು, ಗಾಜು, ಮರ, ಅಚ್ಚುಪಟ ಇದ್ದದ್ದಕ್ಕೆ ಈ ದಾರಿ ಬೇಡ.

ಹೊಸ ಬೆನ್ನು ಕೊಡುವುದು

ಹಳೆ ಕಂದು ರಟ್ಟು ಹುಳಿಯಾಗಿರುತ್ತದೆ. ಅದರ ಹುಳಿ ರೇಷ್ಮೆಗೂ ಇಳಿಯುತ್ತದೆ. ಚಿತ್ರ ಅದಕ್ಕೆ ಅಂಟಿಲ್ಲದಿದ್ದರೆ ಬೇರೆ ಮಾಡಿ. ಅಂಟಿದ್ದರೆ ಎಳೆಯಬೇಡಿ, ರಟ್ಟಿನ ಸಮೇತ ಹೊಸ ಬೋರ್ಡಿನ ಮೇಲೆ ಕೂರಿಸಿ. ಸ್ಟೀವನ್‌ಗ್ರಾಫಿನ ಮೂಲ ರಟ್ಟು, ರವಿವರ್ಮ ಪಟದ ಮೂಲ ಕಾಗದ ಇವು ಚಿತ್ರದ್ದೇ ಭಾಗ.

ಫ್ರೇಮಿನ ಅಂಗಡಿಯಲ್ಲಿ ಆಸಿಡ್ ಫ್ರೀ ಬೋರ್ಡ್, ಅಂದರೆ ಹುಳಿಯಿಲ್ಲದ ರಟ್ಟು, ಕೇಳಿ. ಮಾಮೂಲಿ ಅಂಗಡಿಯಲ್ಲಿ ಸಿಗದಿದ್ದರೆ ಚಿತ್ರಕಲೆಯ ಸಾಮಾನು ಮಾರುವಲ್ಲಿ ಸಿಗುತ್ತದೆ. ಅದರ ಮೇಲೆ ಬಣ್ಣ ಹಾಕದ ಹತ್ತಿ ಬಟ್ಟೆ ಬಿಗಿಯಾಗಿ ಹೊದಿಸಿ. ಕಾಸರಗೋಡು ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆ ಇರುವ ಊರು ನಮ್ಮದು. ಇಲ್ಲಿನ ಕೈಮಗ್ಗದ ಬಟ್ಟೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಮೊದಲು ಕುದಿಸಿ, ಗಂಜಿ ಪೂರ್ತಿ ಹೋಗುವ ತನಕ ಹಿಂಡಿ, ಒಣಗಿಸಿ. ಗಂಜಿ ಉಳಿದರೆ ಸಿಲ್ವರ್‌ಫಿಶ್ ಹುಳಕ್ಕೆ ಊಟ ಬಡಿಸಿದಂತೆ.

ಚಿತ್ರವನ್ನು ಬಟ್ಟೆಗೆ ಹೊಲಿದೇ ಕೂರಿಸಬೇಕು. ಫೆವಿಕಾಲ್, ಸೆಲ್ಲೊಟೇಪ್, ಡಬಲ್ ಟೇಪ್ ಯಾವುದೂ ಬೇಡ. ಬಾಗಿದ ಸಣ್ಣ ಸೂಜಿ, ತೆಳು ನೂಲು. ಹೊಲಿಗೆ ಚಿತ್ರದ ಅಂಚಿನ ಖಾಲಿ ಬಟ್ಟೆಯಲ್ಲಿ ಮಾತ್ರ, ಸೆಂಟಿಮೀಟರಿಗೊಂದರಂತೆ. ಸೂಜಿ ಎಳೆಯನ್ನು ಚುಚ್ಚದೆ ಎಳೆಗಳ ನಡುವಿನ ಸಂದಿಯಲ್ಲಿ ಇಳಿಯಬೇಕು. ನೂಲು ಬಿಗಿಯಬಾರದು, ಚಿತ್ರ ಬೀಳದಂತೆ ಹಿಡಿದರೆ ಸಾಕು. ಇದಕ್ಕೆ ಪಳಗಿದ ಕೈ ಬೇಕು. ತಳಂಗರೆ ಟೊಪ್ಪಿಯ ಕೈಕಸೂತಿಯನ್ನು ಹತ್ತಿರದಿಂದ ಕಂಡವರಿಗೆ ಅಂಥ ಕೈ ನಮ್ಮಲ್ಲೇ ಇದೆ ಅಂತ ಗೊತ್ತು. ನಿಮಗೆ ಸೂಜಿ ಅಭ್ಯಾಸ ಇಲ್ಲದಿದ್ದರೆ ಬಲ್ಲವರನ್ನು ಕರೆದು, ಪಕ್ಕದಲ್ಲಿ ಕೂತು ಮಾಡಿಸಿ. ಅಂಚಿನ ಬಟ್ಟೆಯೇ ಸೀಳುತ್ತಿದ್ದರೆ ಹೊಲಿಯುವ ಯೋಚನೆ ಬಿಡಿ.

ಕಟ್ಟು ಮತ್ತು ಗಾಜು

ಅಂಗಡಿಯವರಿಗೆ ಒತ್ತಿ ಹೇಳಬೇಕಾದದ್ದು ಒಂದಿದೆ. ರೇಷ್ಮೆಗೂ ಗಾಜಿಗೂ ನಡುವೆ ಕನಿಷ್ಠ 3ರಿಂದ 5 ಮಿಲಿಮೀಟರ್ ಖಾಲಿ ಇರಲೇಬೇಕು. ಮಣಿ, ಉಬ್ಬು ಹೊಲಿಗೆ ಇದ್ದರೆ ಇನ್ನೂ ಜಾಸ್ತಿ. ಮಳೆಗಾಲದಲ್ಲಿ ಗಾಜಿನ ಒಳಮೈ ಬೆವರುತ್ತದೆ. ತಾಗಿದ ರೇಷ್ಮೆ ಅಲ್ಲೇ ಅಂಟುತ್ತದೆ. ಗಾಜಿನ ಅಂಚಿನಲ್ಲಿ ಪಟ್ಟಿ ಕೊಡಿಸಿ, ಅಥವಾ ದಪ್ಪ ಮೌಂಟ್, ಅಂದರೆ ಚಿತ್ರದ ಸುತ್ತ ಕೂರುವ ರಟ್ಟಿನ ಚೌಕ, ಹಾಕಿಸಿ. ಎದುರು ನಿಂತು ನೋಡಿಕೊಳ್ಳಿ.

ಗಾಜಿನ ಬದಲು ಅಕ್ರಿಲಿಕ್ ಹಗುರ, ಒಡೆಯುವುದಿಲ್ಲ. ಆದರೆ ಒರೆಸಿದಾಗ ಅದರಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಬಿಟ್ಟ ಎಳೆಗಳನ್ನು, ಬಣ್ಣದ ಚಕ್ಕೆಗಳನ್ನು ಎಳೆದುಕೊಳ್ಳುತ್ತದೆ. ಹಳೆ ರೇಷ್ಮೆಗೆ ಯುವಿ ತಡೆಯುವ ಗಾಜೇ ವಾಸಿ.

ಹಳೆ ತೇಗ ಅಥವಾ ಹಲಸಿನ ಕಟ್ಟು ಗಟ್ಟಿಯಿದ್ದರೆ ಎಸೆಯಬೇಡಿ. ಒರಲೆ ತಿಂದ ಭಾಗ ಮಾತ್ರ ಬದಲಿಸಿ. ಮರದಿಂದಲೂ ಹುಳಿ ಆವಿ ಬರುತ್ತದೆ, ಆದ್ದರಿಂದ ಒಳಗಿನ ತೋಡಿಗೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಹಚ್ಚಿಸಿ. ಹಿಂಬದಿಗೆ ಪ್ಲೈವುಡ್ ಬೇಡ. ಹಳೆಯ ಚೀಟಿ, ಬರಹ ಇದ್ದ ತುಂಡನ್ನು ಕವರಿನಲ್ಲಿ ಹಾಕಿ ಹೊಸ ಬೆನ್ನಿನ ಹೊರಗಡೆ ಸಿಕ್ಕಿಸಿ. ನೀವು ಏನು ಬದಲಿಸಿದಿರಿ, ಯಾವ ವರ್ಷ ಅಂತಲೂ ಪೆನ್ಸಿಲಿನಲ್ಲಿ ಬರೆಯಿರಿ.

ಯಾವ ಗೋಡೆ?

ಮುರಕಲ್ಲಿನ ಹೊರಗೋಡೆ ಮಳೆಗಾಲ ಪೂರ್ತಿ ನೀರು ಕುಡಿದಿರುತ್ತದೆ. ಚಿತ್ರ ಒಳಗೋಡೆಯಲ್ಲಿರಲಿ. ಕಟ್ಟಿನ ಹಿಂದಿನ ನಾಲ್ಕು ಮೂಲೆಗೆ ಬಾಟಲಿಯ ಬಿರಡೆಯನ್ನು ಕೊಯ್ದು ಅಂಟಿಸಿ. ಗೋಡೆಗೂ ಕಟ್ಟಿಗೂ ನಡುವೆ ಒಂದು ಸೆಂಟಿಮೀಟರಾದರೂ ಗಾಳಿಯಾಡಲಿ. ಒರಲೆಯ ದಾರಿಯೂ ಕಣ್ಣಿಗೆ ಬೀಳುತ್ತದೆ.

ಬೆಳಕು ಮಾಡುವ ಹಾನಿ ವಾಪಸ್ ಬರುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ರೇಷ್ಮೆಗೆ 50 ಲಕ್ಸ್ ಬೆಳಕು ಮಿತಿ. ನಮ್ಮ ಚಾವಡಿಯ ಹಗಲು ಬೆಳಕು ಅದರ ಹಲವು ಪಟ್ಟು. ಕಿಟಕಿಯ ಎದುರು ಬೇಡ, ಟ್ಯೂಬ್‌ಲೈಟಿನ ಕೆಳಗೂ ಬೇಡ. ಮಂದ ಎಲ್‌ಇಡಿ ಆಗಬಹುದು. ವರ್ಷದಲ್ಲಿ ಮೂರು ನಾಲ್ಕು ತಿಂಗಳು ತೂಗಿಸಿ, ಉಳಿದ ಕಾಲ ಕತ್ತಲಲ್ಲಿ ಇಡುವುದು ಉತ್ತಮ. ಅದಾಗದಿದ್ದರೆ ಮುಂದೆ ಒಂದು ಬಟ್ಟೆಯ ಪರದೆ ಇಳಿಬಿಡಿ.

ದೇವರ ಚಿತ್ರವಾದರೆ ವಿಷಯ ಸೂಕ್ಷ್ಮ. ಅಜ್ಜಿ ಹೊಲಿದ ಕೃಷ್ಣನಿಗೆ ದೀಪ ಹಚ್ಚಬೇಡಿ ಅಂತ ಹೇಳುವುದು ಹೇಗೆ? ಆದರೆ ಎಣ್ಣೆ ದೀಪದ ಮಸಿ, ಊದುಬತ್ತಿ, ಕರ್ಪೂರದ ಹೊಗೆ ಕಟ್ಟಿನ ಸಂದಿಯಿಂದ ಒಳಹೋಗುತ್ತದೆ. ಗಾಜಿಗೆ ಹಚ್ಚಿದ ಗಂಧ, ಕುಂಕುಮದ ನೀರು ಇಳಿದು ತಳದ ಅಂಚಿನಲ್ಲಿ ರೇಷ್ಮೆಗೆ ತಾಗುತ್ತದೆ. ಹಳೆ ಚಿತ್ರಗಳ ಕೆಳಗಂಚಿನ ಕೆಂಪು ಕಲೆಗೆ ಅನೇಕ ಸಲ ಇದೇ ಕಾರಣ. ನನಗೆ ಸರಿಯೆನಿಸಿದ ದಾರಿ ಇದು. ಚಿತ್ರದ ಒಳ್ಳೆಯ ಫೋಟೋ ತೆಗೆಸಿ, ಅದೇ ಅಳತೆಗೆ ಅಚ್ಚು ಹಾಕಿಸಿ, ದೇವರ ಕೋಣೆಯಲ್ಲಿ ಪೂಜೆಗೆ ಅದನ್ನಿಡಿ. ಮೂಲ ಚಿತ್ರ ಒಳಗಿನ ಕೋಣೆಯಲ್ಲಿರಲಿ. ಹಿರಿಯರು ಒಪ್ಪದಿದ್ದರೆ ದೀಪವನ್ನು ದೂರ ಸರಿಸಿ, ಹೂವನ್ನು ಕಟ್ಟಿಗೆ ಮುಡಿಸದೆ ಕೆಳಗಿನ ತಟ್ಟೆಯಲ್ಲಿಡಿ.

ಮಳೆಗೆ ಮುಂಚೆ, ಮಳೆಯ ನಂತರ

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಚಿತ್ರವನ್ನು ಇಳಿಸಿ ನೋಡಿ. ಒಂದು ಡಿಜಿಟಲ್ ತೇವಮಾಪಕ ಕೊಂಡು ಪಕ್ಕದಲ್ಲಿಡಿ. ತೇವ 65 ಶೇಕಡಾ ದಾಟಿದರೆ ಬೂಸ್ಟಿಗೆ ದಾರಿ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಅದು ದಾಟದ ದಿನವೇ ಅಪರೂಪ. ಹಾಗಾಗಿ ಮಳೆಗಾಲಕ್ಕೆ ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿ, ಆಸಿಡ್ ಫ್ರೀ ಟಿಶ್ಯೂ ಸುತ್ತಿ, ಸಿಲಿಕಾ ಜೆಲ್ ಚೀಲಗಳ ಜೊತೆ ಮಟ್ಟವಾಗಿ ಮಲಗಿಸಿಡುವುದು ಕ್ಷೇಮ. ಜೆಲ್ಲಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಅಟ್ಟದ ಮೇಲೆ ಇಡಬೇಡಿ. ಹಂಚಿನಡಿ ಹಗಲು ಕುದಿಯುತ್ತದೆ, ಇಲಿಗಳ ಕಾಟವೂ ಉಂಟು. ನುಸಿಗುಳಿಗೆಯನ್ನು ಚಿತ್ರದ ಜೊತೆ ಹಾಕಬೇಡಿ. ಒಣ ಬೇವಿನ ಎಲೆ ಹಾಕುವುದಿದ್ದರೆ ಬಟ್ಟೆಯ ಗಂಟಿನಲ್ಲಿ, ಚಿತ್ರಕ್ಕೆ ತಾಗದಂತೆ ಹಾಕಿ. ಅದರ ಮೇಲೆ ಪೂರ್ತಿ ಭರವಸೆ ಬೇಡ.

ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ ತೆಗೆದು, ಹಳೆ ಫೋಟೋದ ಜೊತೆ ಹೋಲಿಸಿ. ಹೊಸ ಸೀಳು, ಹೊಸ ಪುಡಿ, ಹೊಸ ಕಲೆ ಇದೆಯಾ ಅಂತ ಮಾತ್ರ ನೋಡಿ.

ಹಂಚಿಕೊಳ್ಳುವಾಗ, ಒಯ್ಯುವಾಗ

ಮನೆ ಪಾಲಾಗುವಾಗ ಜೋಡಿ ಚಿತ್ರಗಳನ್ನು ಬೇರೆ ಮಾಡಬೇಡಿ. ಗಿಳಿಯ ಜೋಡಿ, ಲಕ್ಷ್ಮಿ ಸರಸ್ವತಿಯರ ಜೋಡಿ ಒಟ್ಟಿಗಿದ್ದರೇ ಅರ್ಥ, ಬೆಲೆಯೂ ಜಾಸ್ತಿ.

ನಮ್ಮಲ್ಲಿ ಬಹಳ ಮನೆಗಳ ಮಕ್ಕಳು ಗಲ್ಫಿನಲ್ಲಿದ್ದಾರೆ. ಅಜ್ಜಿಯ ಚಿತ್ರ ಅಲ್ಲಿಗೆ ಒಯ್ಯಬೇಕು ಅಂತ ಆಸೆಪಡುವುದು ತಪ್ಪಲ್ಲ. ಆದರೆ 1972ರ ಪ್ರಾಚ್ಯವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಹಿಡಿದರೆ ಚಿತ್ರವೂ ಹೋಗುತ್ತದೆ, ಕೇಸೂ ಬೀಳುತ್ತದೆ. ವಯಸ್ಸು ನೂರರ ಒಳಗಿದೆ ಅಂತ ಅನಿಸಿದರೂ, ಇದು ಪ್ರಾಚ್ಯವಸ್ತು ಅಲ್ಲ ಅನ್ನುವ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದ ಮೇಲೆಯೇ ಪೆಟ್ಟಿಗೆ ಕಟ್ಟಿ.